ಮಾಸ್ಕ್ ಹಾಕಿಕೊಂಡು ಮಾಡಿದ ಚುನಾವಣೆ ಡ್ಯೂಟಿ

ಯಾವ ಕೋಣೆಗೆ ಕಾಲಿಟ್ಟರೂ ನಾನು ಮೊದಲು ಎಣಿಸುವುದು ಕಿಟಕಿಗಳನ್ನು. ಕಾಗವಾಡ ತಾಲ್ಲೂಕಿನ ಆ ಹಳ್ಳಿಯ ಶಾಲೆಯಲ್ಲಿ ನಮ್ಮ ಮತಗಟ್ಟೆಗೆ ಕೊಟ್ಟಿದ್ದ ಕೋಣೆಗೆ ಎರಡಿದ್ದವು. ಒಂದರ ಕೆಳಗೆ ಮತ ಹಾಕುವ ಮರೆಯನ್ನು ಮೊದಲೇ ಸಿದ್ಧಮಾಡಿ ಇಟ್ಟಿದ್ದರು. ಹೊರಗಿನವರು ಇಣುಕಬಾರದೆಂದು ಆ ಕಿಟಕಿಯನ್ನು ಮುಚ್ಚಿ ಮೇಲೆ ರಟ್ಟು ಹೊಡೆದಿದ್ದರು. ಇನ್ನೊಂದಕ್ಕೆ ಅಡ್ಡಲಾಗಿ ಮಕ್ಕಳ ಡೆಸ್ಕುಗಳನ್ನು ಆಳೆತ್ತರಕ್ಕೆ ಒಟ್ಟಿದ್ದರು. ಗಾಳಿಗೆ ಉಳಿದದ್ದು ಒಂದು ಬಾಗಿಲು. ಮೇ ತಿಂಗಳು, ತಗಡಿನ ಚಾವಣಿ. ಮರುದಿನ ಬೆಳಗಿನ ಐದರಿಂದ ಮತಯಂತ್ರಗಳಿಗೆ ಮೊಹರು ಬೀಳುವವರೆಗೆ ನಾನು ಆ ಕೋಣೆಯಲ್ಲಿ ಕೂರಬೇಕಿತ್ತು.

ನಾಲ್ಕು ವರ್ಷದ ಹಿಂದೆ ನನ್ನ ಅಕ್ಕ ತನ್ನ ಒಂದು ಕಿಡ್ನಿಯನ್ನು ನನಗೆ ಕೊಟ್ಟಳು. ಆ ಕಿಡ್ನಿಯನ್ನು ಮೈ ಹೊರದಬ್ಬಬಾರದೆಂದು ದಿನಕ್ಕೆರಡು ಸಲ ಗುಳಿಗೆ ನುಂಗುತ್ತೇನೆ. ಗುಳಿಗೆ ಮೈಯ ಕಾವಲುಗಾರನನ್ನು ಅರೆನಿದ್ದೆಯಲ್ಲಿ ಇಡುತ್ತದೆ. ಆದ್ದರಿಂದ ಬೇರೆಯವರಿಗೆ ನೆಗಡಿಯಾಗಿ ಹೋಗುವುದು ನನ್ನನ್ನು ಆಸ್ಪತ್ರೆಗೆ ಹಾಕಬಹುದು. ಕೊರೊನಾ ಮುಗಿಯಿತೆಂದು ಊರೆಲ್ಲ ಮಾಸ್ಕ್ ಬಿಸಾಕಿದ ಮೇಲೂ, ಮುಚ್ಚಿದ ಜಾಗ ಮತ್ತು ಗುಂಪು ಎಂದರೆ ನನ್ನ ಮೂಗು ಬಾಯಿ ಮುಚ್ಚಿಯೇ ಇರುತ್ತವೆ. ಚಿಕ್ಕೋಡಿಯ ನಮ್ಮ ಹೈಸ್ಕೂಲಿನಲ್ಲಿ ಹೀಗೆಯೇ ಗಣಿತ ಕಲಿಸುತ್ತೇನೆ, ಬಯಲಿನಲ್ಲಿ ಕುಳಿತು ಬುತ್ತಿ ಬಿಚ್ಚುತ್ತೇನೆ, ಸ್ಕೂಟಿಯ ಮೇಲೆ ನಿಪ್ಪಾಣಿಯ ಪೇಟೆಗೂ ಹೋಗಿ ಬರುತ್ತೇನೆ. ಬದುಕು ನಿಂತಿಲ್ಲ.

ಆದರೆ ಜನ ನನ್ನನ್ನು ಒಂದೊಂದರಿಂದ ಬಿಡಿಸುತ್ತ ಬಂದಿದ್ದರು. ಶಾಲೆಯ ಪ್ರವಾಸಕ್ಕೆ ನೀವು ಬೇಡ, ವಾರ್ಷಿಕೋತ್ಸವದ ಗ್ಯಾದರಿಂಗಿಗೆ ನೀವು ಬೇಡ, ತರಬೇತಿಗೆ ಬೇರೆಯವರನ್ನು ಕಳಿಸೋಣ. ಎಲ್ಲವೂ ಪ್ರೀತಿಯಿಂದಲೇ. ಅಣ್ಣನ ಮಗಳ ಮದುವೆಯ ಅಕ್ಷತೆ ಹೊತ್ತಿನ ಮಂತ್ರವನ್ನು ನಾನು ಕಲ್ಯಾಣ ಮಂಟಪದ ಹೊರಗೆ ಕಾರಿನಲ್ಲಿ ಕುಳಿತು ಕೇಳಿಸಿಕೊಂಡೆ. ಅದೇ ವರ್ಷ ಮತಗಟ್ಟೆ ಅಧ್ಯಕ್ಷಾಧಿಕಾರಿ ಎಂದು ನನ್ನ ಹೆಸರಿಗೆ ಆದೇಶ ಬಂತು. ಸಿಬ್ಬಂದಿಯೆಲ್ಲ ಹೆಂಗಸರೇ ಇರುವ ಮಹಿಳಾ ಮತಗಟ್ಟೆ.

"ಒಂದ ಅರ್ಜಿ ಬರದ ಕೊಡು. ಡಾಕ್ಟರ ಕಾಗದ ಐತಿ, ಕೇಳಿದ ಕೂಡ್ಲೇ ಬಿಡ್ತಾರ," ಅಂದರು ಮನೆಯವರು.

"ಎಲ್ಲಾರೂ ಎಲ್ಲಾದ್ರಿಂದ ಬಿಟ್ಟಬಿಟ್ರ ನನಗ ಏನ ಉಳೀತೈತ್ರಿ?" ಅಂದೆ.

ಮಿರಜಿನಲ್ಲಿ ನನ್ನನ್ನು ನೋಡುವ ಡಾಕ್ಟರನ್ನು ಫೋನಿನಲ್ಲಿ ಕೇಳಿದೆ. ಒಳಗಿರುವಷ್ಟು ಹೊತ್ತು ಮಾಸ್ಕ್ ಇಳಿಸಬಾರದು, ಬಿಸಿಲು ಕಾಲ, ನೀರು ಕುಡಿಯುವುದನ್ನು ಬಿಡಬಾರದು, ಎರಡೂ ಆಗುತ್ತದೆ ಅಂದರೆ ಹೋಗಿ ಅಂದರು. ಆಗುತ್ತದೆ ಅಂದೆ. ಎರಡೂ ಒಂದೇ ಕುರ್ಚಿಯ ಮೇಲೆ ಹೇಗೆ ಆಗುತ್ತದೆ ಎಂದು ಯೋಚಿಸಲಿಲ್ಲ.

ಮತದಾನದ ಹಿಂದಿನ ದಿನ ಅಥಣಿಯಲ್ಲಿ ಸಾಮಾನು ಹಂಚಿದರು. ಪೆಂಡಾಲಿನಡಿ ಸಾವಿರಾರು ಜನ, ಧೂಳು, ಮೈಕು. ಆರು ಹೊಸ ಮಾಸ್ಕ್, ಮೂರು ದೊಡ್ಡ ನೀರಿನ ಬಾಟಲಿ, ಗುಳಿಗೆಯ ಡಬ್ಬಿ ನನ್ನ ಚೀಲದಲ್ಲಿದ್ದವು. ಪಟ್ಟಿ ಹಿಡಿದು ಕಂಟ್ರೋಲ್ ಯೂನಿಟ್, ಬ್ಯಾಲೆಟ್ ಯೂನಿಟ್, ಚೀಟಿ ಮುದ್ರಿಸುವ ವಿವಿಪ್ಯಾಟ್, ಶಾಯಿ ಸೀಸೆ, ಮೊಹರು, ಲಕೋಟೆ ಒಂದೊಂದಾಗಿ ಗುರುತು ಹಾಕಿಕೊಂಡೆ. ನನ್ನ ತಂಡ ಅಲ್ಲೇ ಸೇರಿತು. ಮೊದಲನೇ ಮತಗಟ್ಟೆ ಅಧಿಕಾರಿ ಮುಗಳಖೋಡದ ಪ್ರಾಥಮಿಕ ಶಾಲೆಯ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು, ನಿವೃತ್ತಿಯ ಹತ್ತಿರದವರು, ಇಂಥ ಡ್ಯೂಟಿ ಎಷ್ಟೋ ಮಾಡಿದವರು. ಎರಡನೆಯವಳು ಅಕ್ಕೋಳದ ಹುಡುಗಿ, ಹೊಸದಾಗಿ ಗುಮಾಸ್ತೆಯ ನೌಕರಿಗೆ ಸೇರಿದ್ದಳು. ಮೂರನೆಯವರು ಒಬ್ಬ ನರ್ಸ್. ಜೊತೆಗೆ ಒಬ್ಬ ಮಹಿಳಾ ಪೊಲೀಸ್.

ಬಸ್ಸಿನಲ್ಲಿ ನಾನು ಕಿಟಕಿ ತೆರೆದು ಮುಂದಿನ ಸೀಟಿನಲ್ಲಿ ಕುಳಿತಿದ್ದೆ. ಹಿಂದಿನಿಂದ ಕೆಮ್ಮು ಕೇಳಿತು. ಒಣ ಕೆಮ್ಮಲ್ಲ. ಮೊದಲು ಒಂದು, ಆಮೇಲೆ ಬಿಡದೆ ನಾಲ್ಕೈದು. ತಿರುಗಿ ನೋಡಿದರೆ ಅಕ್ಕೋಳದ ಹುಡುಗಿ ಕರ್ಚೀಫಿನಲ್ಲಿ ಬಾಯಿ ಒತ್ತಿ ಹಿಡಿದಿದ್ದಳು. ಕಣ್ಣು ಕೆಂಪಾಗಿದ್ದವು.

ಶಾಲೆಯ ಅಂಗಳದಲ್ಲಿ ಇಳಿದ ಮೇಲೆ ಅವಳನ್ನು ಒಂದು ಕಡೆ ಕರೆದೆ.

"ಜ್ವರ ಅದಾವ ಏನು?"

"ಸ್ವಲ್ಪ ಮೈ ಬಿಸಿ ಐತ್ರಿ ಮೇಡಂ. ನಿನ್ನಿಯಿಂದ."

"ಮುಂಜಾನೆ ಅಥಣ್ಯಾಗ ಯಾಕ ಹೇಳಲಿಲ್ಲ?"

ಅವಳು ಕಾಲಿನ ಬೆರಳು ನೋಡಿಕೊಂಡಳು. "ಬರ್ಲಿಲ್ಲಂದ್ರ ನೋಟಿಸ್ ಕೊಡ್ತಾರ ಅಂದ್ರು ಎಲ್ಲಾರೂ. ನಂದು ಇನ್ನ ಕಾಯಂ ಆಗಿಲ್ರಿ. ನಮ್ಮನ್ಯಾಗ ನೌಕರಿ ಅಂದ್ರ ನಂದೊಂದ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೇಳಬೇಕಾದ್ದನ್ನು ಹೇಳದೆ ಬಂದವಳು ಅವಳೊಬ್ಬಳೇ ಆಗಿರಲಿಲ್ಲ. ಸುತ್ತಲಿನ ಮತಗಟ್ಟೆಗಳನ್ನು ನೋಡಿಕೊಳ್ಳುವ ಸೆಕ್ಟರ್ ಅಧಿಕಾರಿಗೆ ಫೋನ್ ಮಾಡಿ ಬದಲಿ ಕೇಳಿದೆ. ಕಾಯ್ದಿರಿಸಿದವರೆಲ್ಲ ಬೇರೆ ಬೂತುಗಳಿಗೆ ಹೋಗಿದ್ದರು, ಯಾರಾದರೂ ಸಿಕ್ಕರೆ ನಾಳೆ ನೋಡೋಣ ಅಂದರು ಅವರು. ನನ್ನ ವಿಷಯ ಹೇಳಿದ್ದರೆ ಅವರು ಇನ್ನಷ್ಟು ಓಡಾಡುತ್ತಿದ್ದರೇನೋ. ಹೇಳಲಿಲ್ಲ. ಹೇಳಿದರೆ ಮೊದಲು ಮನೆಗೆ ಹೋಗುವವಳು ನಾನೇ ಎಂದು ಅನಿಸಿತ್ತು. ಹುಡುಗಿಗೆ ನನ್ನ ಆರು ಮಾಸ್ಕುಗಳಲ್ಲಿ ಎರಡು ಕೊಟ್ಟೆ, ನರ್ಸ್ ಜ್ವರದ ಗುಳಿಗೆ ಕೊಟ್ಟರು.

ಕೋಣೆಯ ಜೋಡಣೆಯನ್ನು ಆ ಸಂಜೆಯೇ ಬದಲಿಸಬಹುದಿತ್ತು. ಡೆಸ್ಕು ತೆಗೆಸುವುದು, ಮರೆಯನ್ನು ಇನ್ನೊಂದು ಮೂಲೆಗೆ ಇಡಿಸುವುದು ಅಧ್ಯಕ್ಷಾಧಿಕಾರಿಯ ಕೈಯಲ್ಲೇ ಇರುವ ಮಾತು. ಆದರೆ ಊರಿನವರು ಕಷ್ಟಪಟ್ಟು ಸಿದ್ಧಮಾಡಿದ್ದನ್ನು ಬಂದ ಕೂಡಲೇ ಕೆಡವಿದರೆ, ಈ ಮೇಡಂ ಎಂಥ ಕಿರಿಕಿರಿ ಹೆಂಗಸು ಅಂದುಕೊಳ್ಳುತ್ತಾರೆ ಎಂದು ಸುಮ್ಮನಾದೆ. ಎಲ್ಲರಂತೆ ಡ್ಯೂಟಿ ಮಾಡುತ್ತೇನೆ ಎಂದು ಬಂದವಳು ನಾನು. ಎಲ್ಲರಂತೆ ಇರುವ ಆ ಹಟವೇ ನನ್ನನ್ನು ಮರುದಿನ ಕಟ್ಟಿಹಾಕಿತು. ಮಲಗಲು ಮಾತ್ರ ಉಳಿದವರು ಒಳಗೆ ಹೋದರೆ ನಾನು ಪಡಸಾಲೆಯಲ್ಲಿ ಹಾಸಿಕೊಂಡೆ.

ಬೆಳಿಗ್ಗೆ ಐದೂವರೆಗೆ ಅಣಕು ಮತದಾನ. ಪಕ್ಷಗಳ ಏಜೆಂಟರ ಮುಂದೆ ಐವತ್ತು ಮತ ಒತ್ತಿ, ಯಂತ್ರದ ಲೆಕ್ಕಕ್ಕೂ ಚೀಟಿಯ ಲೆಕ್ಕಕ್ಕೂ ತಾಳೆ ನೋಡಿ, ಎಲ್ಲವನ್ನೂ ಅಳಿಸಿ, ಚೀಟಿಗಳನ್ನು ಕಪ್ಪು ಲಕೋಟೆಗೆ ಹಾಕಿ ಮೊಹರು ಮಾಡಬೇಕು. ಅಲ್ಲಿಯವರೆಗೆ ಎಲ್ಲ ಸರಿ ಇತ್ತು. ಅದರ ದಾಖಲೆಗೆ ಸಹಿ ಹಾಕುವ ಹೊತ್ತಿಗೆ ಏಜೆಂಟರಲ್ಲಿ ಹಿರಿಯರಾಗಿದ್ದ, ಗಾಂಧಿ ಟೋಪಿಯ ಕಬ್ಬಿನ ರೈತರೊಬ್ಬರು ನನ್ನ ಕೊರಳಿನ ಗುರುತಿನ ಕಾರ್ಡು ನೋಡಿ ಪೆನ್ನನ್ನು ಕೆಳಗಿಟ್ಟರು.

"ಬಾಯಾರ, ತಪ್ಪ ತಿಳ್ಕೋಬ್ಯಾಡ್ರಿ. ಕಾರ್ಡಿನ್ಯಾಗ ಪೂರಾ ಮಾರಿ ಐತಿ, ಇಲ್ಲಿ ಬರೇ ಕಣ್ಣ ಅದಾವ. ಮಾರಿ ನೋಡದ ನಾ ಸಹಿ ಹೆಂಗ ಮಾಡ್ಲಿ?"

ಮಾತು ನ್ಯಾಯವಾದದ್ದೇ. "ಹೊರಗ ಬರ್ರಿ," ಅಂದೆ. ಅಂಗಳದ ಆ ತುದಿಗೆ ಹೋಗಿ ನಿಂತು, ಅವರನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ, ಕಾರ್ಡನ್ನು ಗಲ್ಲದ ಪಕ್ಕ ಹಿಡಿದು ಮಾಸ್ಕ್ ಇಳಿಸಿದೆ. ಅವರು ಒಂದು ಸಲ ಕಾರ್ಡು, ಒಂದು ಸಲ ನನ್ನನ್ನು ನೋಡಿದರು. ಮೂಗಿನ ಮೇಲೆ ಮಾಸ್ಕಿನ ಗೀರು ಬಿದ್ದ ಮುಖ. ಅದನ್ನು ಅಪರಿಚಿತರೊಬ್ಬರು ಅಷ್ಟು ಹೊತ್ತು ನೋಡಿ ಬಹಳ ದಿನವಾಗಿತ್ತು.

"ಆತ್ರಿ," ಎಂದು ಬಂದು ಸಹಿ ಹಾಕಿದರು. ಯಾಕೆ ಹಾಕಿಕೊಂಡಿದ್ದೀರಿ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಏಳಕ್ಕೆ ಮತದಾನ ಶುರುವಾದಾಗ ಸಾಲು ಗೇಟು ದಾಟಿತ್ತು. ಮುಗಳಖೋಡದ ಅಕ್ಕೋರು ಹೆಸರು ಓದುವರು, ಅಕ್ಕೋಳದ ಹುಡುಗಿ ಬೆರಳಿಗೆ ಶಾಯಿ ಹಚ್ಚಿ ಸಹಿ ತೆಗೆದುಕೊಳ್ಳುವಳು, ನರ್ಸ್ ಕಂಟ್ರೋಲ್ ಯೂನಿಟ್ಟಿನ ಗುಂಡಿ ಒತ್ತುವರು. ನನ್ನ ಮಾತು ಮಾಸ್ಕಿನೊಳಗೇ ಉಳಿಯುತ್ತಿತ್ತು. ಒಬ್ಬ ಮುದುಕಿ ಎರಡು ಸಲ "ಕಾಯ್?", ಏನು, ಎಂದು ಮರಾಠಿಯಲ್ಲಿ ಕೇಳಿ, ಮೂರನೇ ಸಲ ಕನ್ನಡಕ್ಕೆ ಬಂದಳು. "ಜೈನರ ಬಸ್ತ್ಯಾಗಿನ ಪೂಜಾರಿಗತೆ ಬಾಯಿ ಕಟ್ಟಿಗೊಂಡ ಕುಂತೀಯಲ್ಲವಾ, ನನಗ ಹೆಂಗ ಕೇಳಬೇಕ?" ಸಾಲಿನಲ್ಲಿದ್ದವರು ನಕ್ಕರು, ನಾನೂ ನಕ್ಕೆ. ನನ್ನ ನಗು ಯಾರಿಗೂ ಕಾಣಲಿಲ್ಲ.

ನನ್ನ ಎಣಿಕೆಯ ಪ್ರಕಾರ ಅರ್ಧ ಗಂಟೆಗೊಮ್ಮೆ ಹೊರಗೆ ಹೋಗಿ ಎರಡು ಗುಟುಕು ನೀರು ಕುಡಿದು ಬರಬೇಕಿತ್ತು. ಎಂಟಕ್ಕೆ ಒಮ್ಮೆ ಹೋದೆ, ಗುಳಿಗೆ ನುಂಗಿದೆ. ಆಮೇಲೆ ಎದ್ದಾಗಲೆಲ್ಲ ಏನಾದರೊಂದು ಬಂತು. ಒಬ್ಬಳ ಹೆಸರು ಪಟ್ಟಿಯಲ್ಲಿತ್ತು, ಫೋಟೊ ಬೇರೆಯವಳದು. ಕಣ್ಣು ಕಾಣದ ಒಬ್ಬರು ಮೊಮ್ಮಗಳನ್ನು ಜೊತೆಗೆ ಕರೆತಂದರು, ಅವಳಿಂದ ಘೋಷಣೆ ಬರೆಸಿಕೊಳ್ಳಬೇಕು. ಬುರ್ಖಾ ತೊಟ್ಟ ಇಬ್ಬರು ಬಂದರು. ಪಕ್ಕಕ್ಕೆ ಕಟ್ಟಿದ್ದ ಪರದೆಯ ಹಿಂದೆ ಅವರು ಮುಖದ ಮೇಲಿನ ಬಟ್ಟೆ ಸರಿಸಿದರು, ನಾನು ನೋಡಿ ತಲೆಯಾಡಿಸಿದೆ. ಈ ನಡುವೆ ಎರಡು ಮಾರು ದೂರದಲ್ಲಿ ಕೆಮ್ಮು ನಡೆದೇ ಇತ್ತು. ಹುಡುಗಿ ಪಾಪ ಮಾಸ್ಕ್ ಹಾಕಿಕೊಂಡೇ ಇದ್ದಳು. ಕೆಮ್ಮು ಒತ್ತರಿಸಿ ಬಂದಾಗ ಉಸಿರು ಕಟ್ಟಿ ಮಾಸ್ಕನ್ನು ಕೆಳಗೆ ಎಳೆಯುತ್ತಿದ್ದಳು. ಪ್ರತಿ ಸಲ ನಾನು ಉಸಿರು ಹಿಡಿದು ಮನಸ್ಸಿನಲ್ಲಿ ಹತ್ತು ಎಣಿಸುತ್ತಿದ್ದೆ. ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದರೂ ಎಣಿಸುತ್ತಿದ್ದೆ.

ಹತ್ತರ ಹೊತ್ತಿಗೆ ತಗಡು ಕಾದಿತ್ತು. ಮಾಸ್ಕ್ ಬೆವರಿಗೆ ಒದ್ದೆಯಾಗಿ ಉಸಿರಿಗೆ ಅಂಟುತ್ತಿತ್ತು. ಬದಲಿಸಬೇಕೆಂದರೂ ಹೊರಗೆ ಹೋಗಬೇಕು. ಒಳಗೆ ಕುಳಿತರೆ ನೀರಿಲ್ಲ, ನೀರು ಬೇಕೆಂದರೆ ಕುರ್ಚಿ ಬಿಡಬೇಕು, ಕುರ್ಚಿ ಬಿಟ್ಟರೆ ಏನು ಮಾಡಲು ಬಂದೆನೋ ಅದೇ ಇಲ್ಲ. ಬೆಳಿಗ್ಗೆಯಿಂದ ಮೂತ್ರಕ್ಕೆ ಹೋಗಿಲ್ಲ ಎಂದು ಆಗ ನೆನಪಾಯಿತು. ಕಿಡ್ನಿ ಬದಲಿಸಿಕೊಂಡವರಿಗೆ ಇದು ಸಣ್ಣ ಮಾತಲ್ಲ.

ಹನ್ನೊಂದರ ಸುಮಾರಿಗೆ ವಿವಿಪ್ಯಾಟ್ ನಿಂತಿತು. ಮತ ಒತ್ತಿದವಳು ಮರೆಯಿಂದ ಹೊರಬಂದು "ಚೀಟಿ ಕಾಣಲಿಲ್ರಿ," ಅಂದಳು. ಕಂಟ್ರೋಲ್ ಯೂನಿಟ್ಟಿನಲ್ಲಿ ದೋಷದ ಸಂಕೇತ ಮೂಡಿತ್ತು. ನಿಯಮದಂತೆ ಮೊದಲು ಯೂನಿಟ್ ಆರಿಸಿ, ಆಮೇಲೆ ಕೇಬಲ್ ಬಿಚ್ಚಿ, ಮತ್ತೆ ಜೋಡಿಸಿ ಹಚ್ಚಿದೆ. ಅದೇ ಸಂಕೇತ. ಸೆಕ್ಟರ್ ಅಧಿಕಾರಿ ಬೇರೆ ವಿವಿಪ್ಯಾಟ್ ತರುತ್ತೇನೆ, ಮುಕ್ಕಾಲು ಗಂಟೆಯಾದೀತು ಅಂದರು. ಮತದಾನ ನಿಲ್ಲಿಸಿ, ವೇಳೆ ಡೈರಿಯಲ್ಲಿ ಬರೆದು ಎದ್ದು ನಿಂತೆ. ಕಣ್ಣು ಕತ್ತಲಾಯಿತು. ಗೋಡೆ ಹಿಡಿದುಕೊಂಡೆ.

ಮುಗಳಖೋಡದ ಅಕ್ಕೋರು ನನ್ನ ರಟ್ಟೆ ಹಿಡಿದು ಪಡಸಾಲೆಯ ಆಚೆ ಬೇವಿನ ಗಿಡದ ಕೆಳಗೆ ಕೂರಿಸಿದರು. ಬಾಟಲಿ ಕೊಟ್ಟು, ತಾವಾಗಿಯೇ ನಾಲ್ಕು ಹೆಜ್ಜೆ ಹಿಂದೆ ಸರಿದರು.

"ಮೇಡಂ, ಮುಂಜಾನಿಂದ ಎಷ್ಟ ನೀರ ಕುಡದ್ರಿ?"

"ಒಂದ ಸಲ."

"ನಾ ನಿನ್ನಿಯಿಂದ ನೋಡಾಕತ್ತೇನಿ. ಊಟ ಹೊರಗ, ನಿದ್ದಿ ಹೊರಗ, ಗುಳಿಗಿ ಗಡಿಯಾರ ನೋಡಿ. ನಮ್ಮ ಮೈದುನಗೂ ಹಿಂಗ ಇತ್ತ. ಕಿಡ್ನಿ ಹೌದಲ್ರಿ?"

ಹೌದು ಅಂದೆ.

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಮನೀಗೆ ಕಳಸ್ತೀರಿ."

"ಕಳಸೂದಾದ್ರ ಈಗ ಕಳಸ್ತೀವಿ, ಸ್ಟ್ರೆಚರ್ ಮ್ಯಾಲ," ಅಂದರು ಅವರು. "ನಿಮ್ಮ ಕುರ್ಚಿ ನನಗ ಬ್ಯಾಡ. ಆದ್ರ ತಾಸಿಗಿ ಹತ್ತ ನಿಮಿಷ ನಾ ಕುಂತ್ರ ಅದೇನ ಸವದ ಹೋಗೂದಿಲ್ಲ," ಅಂದರು.

ಅವರು ಒಳಗೆ ಹೋದರು. ನಾನು ಅರ್ಧ ಬಾಟಲಿ ನೀರನ್ನು ಗುಟುಕು ಗುಟುಕಾಗಿ ಕುಡಿದೆ. ಫೋನ್ ಕೈಯಲ್ಲಿತ್ತು. ಆರಾಮಿಲ್ಲ ಎಂದು ಸೆಕ್ಟರ್ ಅಧಿಕಾರಿಗೆ ಒಂದು ಮಾತು ಹೇಳಿದರೆ ನಿಯಮದ ಪ್ರಕಾರ ಅಕ್ಕೋರೇ ಮುಂದುವರಿಸಬಹುದಿತ್ತು. ನಾನು ಸಂಜೆಗೆ ಮನೆಯಲ್ಲಿರುತ್ತಿದ್ದೆ. ಅದು ಒಂದು ದಾರಿ. ಬಾಯಿ ಮುಚ್ಚಿಕೊಂಡು ಆರರವರೆಗೆ ಹಾಗೆಯೇ ಕೂರುವುದು ಇನ್ನೊಂದು. ಅಷ್ಟು ಹೊತ್ತು ನನಗೆ ಇವೆರಡೇ ಕಂಡಿದ್ದವು. ಗಿಡದ ಕೆಳಗೆ ಕುಳಿತಾಗ ತಿಳಿಯಿತು, ನಾನು ಮುಚ್ಚಿಟ್ಟದ್ದು ಮುಖವನ್ನಷ್ಟೇ ಅಲ್ಲ, ಅದನ್ನು ಮುಚ್ಚುವ ಕಾರಣವನ್ನು ಕೂಡ. ಮುಖ ಮುಚ್ಚುವುದು ಅನಿವಾರ್ಯ. ಕಾರಣ ಮುಚ್ಚುವುದು ಅನಿವಾರ್ಯವಾಗಿರಲಿಲ್ಲ.

ಮಾಸ್ಕ್ ಬದಲಿಸಿಕೊಂಡು ಏಜೆಂಟರನ್ನೂ ನನ್ನ ತಂಡವನ್ನೂ ಪಡಸಾಲೆಗೆ ಕರೆದೆ.

"ನನಗ ಕಿಡ್ನಿ ಬದಲಿ ಆಗೇತ್ರಿ. ಮುಚ್ಚಿದ ರೂಮಿನ್ಯಾಗ ನಾ ಮಾಸ್ಕ್ ತಗಿಯಂಗಿಲ್ಲ, ನೀರ ಕುಡೀದ ಇರಂಗಿಲ್ಲ. ಹೊಸ ಮಶಿನ್ ಬರೂದ್ರಾಗ ರೂಮಿನ ಜೋಡಣಿ ಬದಲ ಮಾಡೂಣು ಅಂತೇನಿ. ಮತ ಹಾಕೂ ಮರಿ ಆ ಮೂಲಿಗೆ ಹೋಗ್ತೈತಿ, ಎರಡೂ ಕಿಟಕಿ ತಗೀತೀವಿ. ತಾಸಿಗೊಮ್ಮೆ ಹತ್ತ ನಿಮಿಷ ನಾ ಹೊರಗ, ನನ್ನ ಜಾಗಾದಾಗ ಅಕ್ಕೋರು. ನಿಮಗ ತಕರಾರ ಇದ್ರ ಈಗ ಹೇಳ್ರಿ."

ಅಕ್ಕೋಳದ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಮುಖದ ಬಣ್ಣ ಇಳಿದಿತ್ತು.

ಟೋಪಿಯ ಹಿರಿಯರು ಕೇಳಿದರು. "ಇದನ್ನೆಲ್ಲಾ ಡೈರ್ಯಾಗ ಬರೀತೀರಿ?"

"ವ್ಯಾಳ್ಯಾ ಹಾಕಿ ಬರೀತೇನಿ. ನೀವೂ ಸಹಿ ಮಾಡ್ರಿ."

"ಹಂಗಿದ್ರ ಡೆಸ್ಕ ಎತ್ತೂಣ ನಡೀರಿ," ಎಂದು ಅವರು ಟೋಪಿ ತೆಗೆದು ಕಿಸೆಗೆ ಇಟ್ಟುಕೊಂಡರು. ಬೆಳಗಿನಿಂದ ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಕುಳಿತಿದ್ದ ಬೇರೆ ಬೇರೆ ಪಕ್ಷದ ಏಜೆಂಟರು ಡೆಸ್ಕಿನ ಎರಡು ತುದಿ ಹಿಡಿದು ಹೊರಗೆ ಸಾಗಿಸಿದರು.

ಮರೆಯ ಹೊಸ ಜಾಗಕ್ಕೆ ಕೇಬಲ್ ಎಟುಕುತ್ತದೆಯೇ ಎಂದು ಅಳೆದೆ. ಒಂದು ಗೇಣು ಸಾಲದೆ ಬಂತು, ನರ್ಸಿನ ಟೇಬಲ್ಲನ್ನೇ ಹತ್ತಿರ ಎಳೆದೆವು. ಕಿಟಕಿಯ ಬೆಳಕು ನೇರವಾಗಿ ವಿವಿಪ್ಯಾಟಿನ ಮೇಲೆ ಬಿದ್ದರೆ ಅದು ಮತ್ತೆ ಕೈಕೊಡುತ್ತದೆ, ಆದ್ದರಿಂದ ಹಳೆಯ ರಟ್ಟನ್ನು ಮರೆಯ ಬೆನ್ನಿಗೆ ಕಟ್ಟಿದೆವು. ಹುಡುಗಿಯ ಟೇಬಲ್ಲನ್ನು ಬಾಗಿಲ ಹತ್ತಿರ, ಗಾಳಿ ಹೊರಹೋಗುವ ಕಡೆಗೆ ಇಟ್ಟೆ. ಮುಚ್ಚಿದ್ದ ಕಿಟಕಿ ತೆರೆದಾಗ ಊರಾಚೆಯ ನದಿಯ ಕಡೆಯಿಂದ ಬಂದ ಗಾಳಿಯೂ ಬಿಸಿಯೇ ಇತ್ತು. ಆದರೂ ಅದು ಗಾಳಿ. ಸೆಕ್ಟರ್ ಅಧಿಕಾರಿ ಹೊಸ ವಿವಿಪ್ಯಾಟ್ ತಂದು ಜೋಡಣೆಯನ್ನೊಮ್ಮೆ ನೋಡಿದರು, ಡೈರಿ ಓದಿದರು, ನನ್ನ ಕಡೆ ನೋಡಿ "ನಿನ್ನಿನ ಹೇಳಬೇಕಿತ್ರಿ ಮೇಡಂ," ಅಂದರು. ಬೈಗುಳದಂತೆ ಹೇಳಲಿಲ್ಲ. ಬದಲಿ ಸಿಬ್ಬಂದಿ ಕೊನೆಗೂ ಸಿಗಲಿಲ್ಲ.

ಆಮೇಲಿನ ಹೊತ್ತು ಸುಲಭವಾಯಿತು ಎಂದರೆ ಸುಳ್ಳಾಗುತ್ತದೆ. ಕಳೆದುಕೊಂಡ ನೀರನ್ನು ಮೈ ಮರೆಯಲಿಲ್ಲ, ತಲೆನೋವು ಬಿಡಲಿಲ್ಲ. ಆರಕ್ಕೆ ಸಾಲಿನಲ್ಲಿ ಉಳಿದವರಿಗೆ ಹಿಂದಿನಿಂದ ಮುಂದಕ್ಕೆ ಚೀಟಿ ಹಂಚಿ, ಕೊನೆಯವಳು ಮತ ಹಾಕಿದ ಮೇಲೆ ಕ್ಲೋಸ್ ಗುಂಡಿ ಒತ್ತಿದೆ. ರಿಜಿಸ್ಟರಿನ ಸಂಖ್ಯೆಗೂ ಯಂತ್ರದ ಸಂಖ್ಯೆಗೂ ತಾಳೆಯಾಯಿತು. ಏಜೆಂಟರಿಗೆ ಮತಗಳ ಲೆಕ್ಕಪತ್ರದ ಪ್ರತಿ ಕೊಡುವಾಗ ಟೋಪಿಯ ಹಿರಿಯರು, "ಬಾಯಾರ, ಮನೀಗೆ ಹೋಗಿ ಮೊದಲ ನೀರ ಕುಡೀರಿ," ಅಂದರು.

ಮೂರನೇ ದಿನ ನನಗೆ ಜ್ವರ ಬಂತು. ಮನೆಯವರು ಕೂಡಲೇ ಕಾರು ತೆಗೆದರು. ಮಿರಜಿನಲ್ಲಿ ಮೂಗಿನಿಂದ ಮಾದರಿ ತೆಗೆದುಕೊಂಡರು, ರಕ್ತ ತೆಗೆದುಕೊಂಡರು. ಕಿಡ್ನಿಯ ಕೆಲಸ ಕುಂದಿದಷ್ಟೂ ಮೇಲೆ ಹೋಗುವ ಕ್ರಿಯಾಟಿನಿನ್ ಸಂಖ್ಯೆ ಏರಿತ್ತು. ಸಲೈನ್ ಹಚ್ಚಿದರು. ರಾಯಬಾಗದಿಂದ ಅಕ್ಕ ಬಂದು ಮಂಚದ ಪಕ್ಕ ಕುಳಿತಳು. ಅವಳ ಮುಖ ನೋಡಲಾಗದೆ ಗೋಡೆಯ ಕಡೆ ತಿರುಗಿದೆ.

"ಸಿಟ್ಟ ಬಂದೈತಿ ಏನ?" ಅಂದೆ.

"ಬಂದೈತಿ," ಅಂದಳು. "ಡ್ಯೂಟಿಗೆ ಹೋಗಿದ್ದಕ್ಕಲ್ಲ. ಮೂರ ತಾಸ ನೀರ ಕುಡೀದ ಕುಂತಿದ್ದಕ್ಕ. ನಾ ಕೊಟ್ಟದ್ದು ನೀ ತಿರಗ್ಯಾಡ್ಲಿ ಅಂತ. ಆದ್ರ ಅದರ ಬಾಯಿ ಒಣಗಸಬ್ಯಾಡ."

ಆ ಸಂಜೆ ಅಕ್ಕೋಳದ ಹುಡುಗಿಯ ಫೋನ್ ಬಂತು. ಅವಳಿಗೆ ಜ್ವರ ಬಿಟ್ಟಿತ್ತು. ಏನೇನೋ ಮಾತಾಡಿ ಕೊನೆಗೆ ಕೇಳಿದಳು. "ಮೇಡಂ, ನಿಮಗೇನೂ ಆಗ್ಲಿಲ್ಲಲ್ರಿ?"

ಆರಾಮ ಇದ್ದೇನೆ ಎನ್ನಬಹುದಿತ್ತು. ಮುಚ್ಚಿಟ್ಟದ್ದು ಸಾಕಾಗಿತ್ತು. "ದವಾಖಾನ್ಯಾಗ ಅದೀನವಾ. ನಿನ್ನಿಂದ ಅಲ್ಲ. ನೀರ ಕಡಿಮಿ ಆಗಿತ್ತು."

ಅವಳು ಮತ್ತೆ ಕೇಳಿದಳು. "ಖರೇನ ನನ್ನಿಂದ ಅಲ್ಲೇನ್ರಿ?"

"ಖರೇನ," ಅಂದೆ. ವರದಿ ಇನ್ನೂ ಬಂದಿರಲಿಲ್ಲ.

ಮರುದಿನ ಬಂತು. ಸೋಂಕಿರಲಿಲ್ಲ, ಬಿಸಿಲು ಮತ್ತು ನೀರಿನ ಕೊರತೆಯೇ ಕಾರಣ ಅಂದರು ಡಾಕ್ಟರು. ಅವಳಿಗೆ ಹೇಳಿದ್ದು ನಿಜವಾಯಿತು. ಕ್ರಿಯಾಟಿನಿನ್ ಮೂರು ವಾರದಲ್ಲಿ ಇಳಿಯುತ್ತ ಬಂದು, ಹಳೆಯ ಅಂಕಿಗಿಂತ ಸ್ವಲ್ಪ ಮೇಲೆ ನಿಂತುಬಿಟ್ಟಿತು. ಡಾಕ್ಟರು ಹೊಸ ಅಂಕಿಯನ್ನು ನನ್ನ ಫೈಲಿನ ಮೇಲೆ ಬರೆದು, ಇನ್ನು ಇದನ್ನೇ ನಿಮ್ಮ ಅಳತೆ ಎಂದು ಹಿಡಿಯೋಣ ಅಂದರು. ಆ ಹುಡುಗಿ ಈಗ ಕಾಯಂ ಆಗಿದ್ದಾಳೆ, ಹಬ್ಬಕ್ಕೆ ಫೋನ್ ಮಾಡುತ್ತಾಳೆ. ಅಂಕಿಯ ಮಾತನ್ನು ಮಾತ್ರ ನಾನು ಅವಳಿಗೆ ಹೇಳಿಲ್ಲ.